38 ಕ್ಯಾಮೆರಾ, ಒಂದು ಎನ್‌ವಿಆರ್: ಯಾರಿಗೆ ಎಷ್ಟು ಅನುಮತಿ ಕೊಡಬೇಕು, ಕ್ಯಾಮೆರಾ ಸೆಟ್ಟಿಂಗ್ ಹೇಗಿರಬೇಕು?

ಯಲಹಂಕ_ಸಂಘ

140 ಮನೆಗಳ ಅಪಾರ್ಟ್‌ಮೆಂಟ್. 38 ಐಪಿ ಕ್ಯಾಮೆರಾ ಇವೆ, ಎಲ್ಲವೂ 4 ಮೆಗಾಪಿಕ್ಸೆಲ್. ಗೇಟ್, ಲಿಫ್ಟ್, ಬೇಸ್‌ಮೆಂಟ್, ಮಕ್ಕಳು ಆಡುವ ಜಾಗ, ಜಿಮ್ ಬಾಗಿಲು, ಸಂಘದ ಕಚೇರಿ ಎಲ್ಲ ಕಡೆ ಹರಡಿವೆ. 64 ಚಾನೆಲ್‌ನ ಹೈಕ್‌ವಿಷನ್ ಎನ್‌ವಿಆರ್ (ಎಲ್ಲ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ), 8 ಟಿಬಿಯ ನಾಲ್ಕು ಡಿಸ್ಕ್.

ಈಗ ಗಾರ್ಡ್‌ಗಳು, ಮ್ಯಾನೇಜರ್, ಸಮಿತಿಯ ಏಳು ಜನ, ಕ್ಯಾಮೆರಾ ಹಾಕಿದ ಹುಡುಗರು, ಎಲ್ಲರ ಹತ್ತಿರವೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇದೆ. ಕ್ಲಿಪ್‌ಗಳು ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತವೆ. ಯಾರು ತೆಗೆದರು ಅಂತ ಲಾಗ್ ನೋಡಿದರೆ ‘ಅಡ್ಮಿನ್’ ಅಂತಷ್ಟೇ ಸಿಗುತ್ತದೆ.

ಗಾರ್ಡ್‌ಗಳು ಲೈವ್ ಮಾತ್ರ ನೋಡಬೇಕು, ಅದೂ ಎಲ್ಲ ಕ್ಯಾಮೆರಾ ಅಲ್ಲ. ಮ್ಯಾನೇಜರ್ ಹಳೆಯ ರೆಕಾರ್ಡಿಂಗ್ ನೋಡಬಹುದು, ಆದರೆ ಹೊರಗೆ ತೆಗೆಯಬಾರದು. ತೆಗೆಯುವ ಅಧಿಕಾರ ಇಬ್ಬರು ಪದಾಧಿಕಾರಿಗಳಿಗೆ ಇರಲಿ. ಇನ್ನೊಂದು ಸಮಸ್ಯೆ: ರೆಕಾರ್ಡಿಂಗ್ 13 ದಿನಕ್ಕೇ ಅಳಿಸಿಹೋಗುತ್ತಿದೆ, 30 ದಿನ ಬೇಕು. ಎಲ್ಲಿಂದ ಶುರು ಮಾಡಲಿ?

ರ್ಯಾಕ್_ಕೀಲಿ

ಯೂಸರ್ ಮೆನುಗೆ ಹೋಗುವ ಮೊದಲು ಕ್ಯಾಮೆರಾಗಳ ಐಪಿ ವಿಳಾಸ ನೋಡಿ ಸರ್. ಡಿಎಚ್‌ಸಿಪಿಯಲ್ಲಿ (ರೂಟರ್ ತಾನೇ ವಿಳಾಸ ಹಂಚುವ ಕ್ರಮ) ಬಿಟ್ಟಿದ್ದಾರಾ, ಸ್ಥಿರ ವಿಳಾಸ ಕೊಟ್ಟಿದ್ದಾರಾ?

ಯಾಕೆ ಕೇಳುತ್ತೇನೆ ಅಂದರೆ, ಎನ್‌ವಿಆರ್‌ನಲ್ಲಿ ಅನುಮತಿ ಅಂಟಿಕೊಳ್ಳುವುದು ಕ್ಯಾಮೆರಾಗಲ್ಲ, ಚಾನೆಲ್ ಸಂಖ್ಯೆಗೆ. ‘ಗಾರ್ಡ್‌ಗೆ ಡಿ12 ಲೈವ್’ ಅಂತ ಟಿಕ್ ಹಾಕಿದ್ದೀರಿ, ಡಿ12 ಅಂದರೆ 12ನೇ ಚಾನೆಲ್, ಹಿಂದಿನ ಗೇಟು. ಕರೆಂಟ್ ಹೋಗಿ ಬಂದಾಗ ರೂಟರ್ ವಿಳಾಸಗಳನ್ನು ಅದಲು ಬದಲು ಹಂಚಿದರೆ ಅದೇ ಡಿ12ರಲ್ಲಿ ಸಂಘದ ಕಚೇರಿಯ ಕ್ಯಾಮೆರಾ ಬಂದು ಕೂರುತ್ತದೆ. ಎಲ್ಲ ಕ್ಯಾಮೆರಾಗೂ ಒಂದೇ ಪಾಸ್‌ವರ್ಡ್ ಇರುವುದರಿಂದ ಎನ್‌ವಿಆರ್ ತಕರಾರಿಲ್ಲದೆ ತೋರಿಸುತ್ತದೆ. ಪರದೆ ಮೇಲಿನ ಹೆಸರು ಕ್ಯಾಮೆರಾದಿಂದಲೇ ಬರುತ್ತಿದ್ದರೆ ಗೊತ್ತಾದೀತು, ಇಲ್ಲದಿದ್ದರೆ ಅದೂ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಒಂದು ಪಟ್ಟಿ. ಚಾನೆಲ್, ಜಾಗ, ಐಪಿ, ಮ್ಯಾಕ್ ವಿಳಾಸ (ಸಾಧನದ ಬದಲಾಗದ ಗುರುತು ಸಂಖ್ಯೆ), ಸೀರಿಯಲ್, ಸ್ವಿಚ್‌ನ ಯಾವ ಪೋರ್ಟ್, ಇಷ್ಟು ಅದರಲ್ಲಿ ಇರಲಿ. ಚಾನೆಲ್ 12ಕ್ಕೆ 192.168.20.112 ಅನ್ನುವಂತೆ ಸಂಖ್ಯೆ ಹೊಂದಿಸಿಕೊಂಡರೆ ಮುಂದೆ ತಲೆನೋವು ಕಮ್ಮಿ. ಹೈಕ್‌ವಿಷನ್ ಕ್ಯಾಮೆರಾದ ಕಾರ್ಖಾನೆ ವಿಳಾಸ 192.168.1.64, ಡಹುವಾದ್ದು 192.168.1.108. ಹೊಸ ಕ್ಯಾಮೆರಾಗಳನ್ನು ಒಂದೊಂದಾಗಿ ನೆಟ್‌ವರ್ಕ್‌ಗೆ ಹಾಕಿ ವಿಳಾಸ ಬದಲಿಸಿ. ನಾಲ್ಕನ್ನು ಒಟ್ಟಿಗೆ ಚುಚ್ಚಿದರೆ ನಾಲ್ಕೂ ಒಂದೇ ವಿಳಾಸಕ್ಕೆ ಕಿತ್ತಾಡುತ್ತವೆ.

ಎರಡನೆಯದು ಕ್ಯಾಮೆರಾಗಳ ಪಾಸ್‌ವರ್ಡ್. ಎನ್‌ವಿಆರ್‌ನಿಂದಲೇ ಒಂದು ಒತ್ತಿನಲ್ಲಿ ಕ್ಯಾಮೆರಾಗಳನ್ನು ಆಕ್ಟಿವೇಟ್ ಮಾಡಿದಾಗ, ಬೇರೆ ಪಾಸ್‌ವರ್ಡ್ ಕೊಡದಿದ್ದರೆ, ಎನ್‌ವಿಆರ್‌ನ ಅಡ್ಮಿನ್ ಪಾಸ್‌ವರ್ಡೇ ಅಷ್ಟೂ ಕ್ಯಾಮೆರಾಗೆ ಹೋಗಿರುತ್ತದೆ. ನಿಮ್ಮಲ್ಲಿ ಹಾಗೇ ಆಗಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ನೀವು ಎನ್‌ವಿಆರ್‌ನಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಯೂಸರ್ ಮಾಡಿದರೂ, ಹಳೆಯ ಪಾಸ್‌ವರ್ಡ್ ಗೊತ್ತಿರುವವನು ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಪ್ಲೇಯರ್ ತೆರೆದು ಆರ್‌ಟಿಎಸ್‌ಪಿ (ವಿಡಿಯೊ ನೇರ ಕಳಿಸುವ ವಿಧಾನ) ಮೂಲಕ ಸೀದಾ ಕ್ಯಾಮೆರಾಗೇ ಹೋಗುತ್ತಾನೆ. ಪೋರ್ಟ್ 554, ಚಾನೆಲ್ 101 ಮುಖ್ಯ ಸ್ಟ್ರೀಮ್, 102 ಸಬ್‌ಸ್ಟ್ರೀಮ್ (ಅದೇ ಚಿತ್ರದ ಚಿಕ್ಕ ಆವೃತ್ತಿ). ಎನ್‌ವಿಆರ್‌ನ ಲಾಗ್‌ನಲ್ಲಿ ಇದರ ಸುಳಿವೂ ಇರಲ್ಲ.

ಹುಬ್ಬಳ್ಳಿ_ಫೈಬರ್

ಕೀಲಿ ಸರ್ ಹೇಳಿದ್ದು ಖರೆ ಐತಿ. ಅದಕ್ಕ ಪಾಸ್‌ವರ್ಡ್ ಒಂದs ಸಾಲಂಗಿಲ್ರಿ, ದಾರೀನ ಮುಚ್ಚಬೇಕು. ಕ್ಯಾಮೆರಾಗಳಿಗೆ ಬ್ಯಾರೆ ವಿಲ್ಯಾನ್ ಮಾಡ್ರಿ, ಅಂದ್ರ ಅದs ಸ್ವಿಚ್‌ನಾಗ ಬ್ಯಾರೆ ಮಾಡಿದ ನೆಟ್‌ವರ್ಕ್. 20 ಅಂತ ಇಟ್ಕೊಳ್ರಿ. ಆ ವಿಲ್ಯಾನ್‌ಗೆ ಇಂಟರ್ನೆಟ್ ಬ್ಯಾಡ, ಕಚೇರಿ ವೈಫೈಯಿಂದ ಒಳಗ ಬರೂ ದಾರಿನೂ ಬ್ಯಾಡ. ಎನ್‌ವಿಆರ್‌ಗೆ ಎರಡು ನೆಟ್‌ವರ್ಕ್ ಪೋರ್ಟ್ ಇದ್ರ ‘ಮಲ್ಟಿ ಅಡ್ರೆಸ್’ ಅಂತ ಇಡ್ರಿ. ಒಂದು ಕ್ಯಾಮೆರಾ ಕಡೆ, ಇನ್ನೊಂದು ಕಚೇರಿ ಕಡೆ. ಅಲ್ಲಿಗೆ ಕ್ಯಾಮೆರಾ ನೋಡಾಕ ಎನ್‌ವಿಆರ್ ಬಿಟ್ರ ಬ್ಯಾರೆ ಬಾಗಲಾನs ಇರಂಗಿಲ್ಲ.

ಸಣ್ಣ ಸೈಟಿನಾಗ ಎನ್‌ವಿಆರ್ ಹಿಂದs ಪಿಒಇ (ನೆಟ್‌ವರ್ಕ್ ಕೇಬಲ್‌ನಾಗs ಕರೆಂಟ್ ಕೊಡೂ) ಪೋರ್ಟ್ ಇರ್ತಾವಲ್ರಿ, ಅಲ್ಲಿ ಈ ಕೆಲಸ ತಾನs ಆಗಿರತೈತಿ. ಆ ಕ್ಯಾಮೆರಾಗಳು 192.168.254 ಸಾಲಿನಾಗ ಬ್ಯಾರೇನs ಇರ್ತಾವು. ಆದ್ರ ‘ವರ್ಚುವಲ್ ಹೋಸ್ಟ್’ ಅನ್ನೂ ಆಯ್ಕೆ ಆನ್ ಮಾಡಿದ್ರ 65001ನೇ ಪೋರ್ಟಿನಿಂದ ಶುರುವಾಗಿ ಒಂದೊಂದು ಕ್ಯಾಮೆರಾಕ್ಕ ಒಂದೊಂದು ಕಿಂಡಿ ತೆರೀತೈತಿ. ಸೆಟ್ಟಿಂಗ್ ಮಾಡುವಾಗಷ್ಟs ಆನ್ ಮಾಡ್ರಿ, ಮುಗದ ಮ್ಯಾಲೆ ಆಫ್.

ಇಂಟರ್ನೆಟ್‌ಗೆ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಸೀದಾ ಒಳಗ ಬರೂ ದಾರಿ) ಮಾಡಿದ್ರಂತೂ ಇವತ್ತs ತಗೀರಿ. 2016ರಾಗ ಮಿರೈ ಬಾಟ್‌ನೆಟ್ (ಕಳ್ಳರ ಕೈಗೆ ಸಿಕ್ಕ ಸಾಧನಗಳ ದಂಡು) ಬೆಳದಿದ್ದು ಡೀಫಾಲ್ಟ್ ಪಾಸ್‌ವರ್ಡ್ ಇದ್ದ ಡಿವಿಆರ್, ಕ್ಯಾಮೆರಾ, ರೂಟರ್ ಹಿಡಕೊಂಡs. 2021ರಾಗ ಬಯಲಾದ ಸಿವಿಇ-2021-36260 ದೋಷಕ್ಕ ಪಾಸ್‌ವರ್ಡೂ ಬೇಕಿರಲಿಲ್ಲ. ಭಾಳಷ್ಟು ಹೈಕ್‌ವಿಷನ್ ಮಾಡೆಲ್‌ಗೆ ಅದನ್ನ ಸರಿಪಡಿಸೂ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಬಂದೈತಿ. ನಿಮ್ಮ ಕ್ಯಾಮೆರಾ ಫರ್ಮ್‌ವೇರ್ ತಾರೀಖು 2021ರ ಸೆಪ್ಟೆಂಬರಿಗಿಂತ ಹಳೇದಿದ್ರ ಮೊದಲ ಅದನ್ನ ಹಾಕ್ರಿ.

ಯಲಹಂಕ_ಸಂಘ

ಡಿಎಚ್‌ಸಿಪಿನೇ ಇದೆ. ಪಾಸ್‌ವರ್ಡೂ ನೀವು ಹೇಳಿದಂತೆಯೇ, ಎಲ್ಲಕ್ಕೂ ಒಂದೇ. ಇದನ್ನು ಸರಿಮಾಡಿದೆವು ಅಂದುಕೊಳ್ಳೋಣ. ಯೂಸರ್‌ಗಳನ್ನು ಹೇಗೆ ವಿಂಗಡಿಸುವುದು?

ರ್ಯಾಕ್_ಕೀಲಿ

ಎನ್‌ವಿಆರ್‌ನಲ್ಲಿ ಮೂರು ಮಟ್ಟ ಇವೆ: ಅಡ್ಮಿನ್, ಆಪರೇಟರ್, ಗೆಸ್ಟ್ (ಹಳೆಯ ಫರ್ಮ್‌ವೇರ್‌ನಲ್ಲಿ ‘ಯೂಸರ್’). ಮಟ್ಟ ಆರಿಸಿದ ಕೂಡಲೇ ಕೆಲವು ಅನುಮತಿ ತಾನಾಗಿಯೇ ಟಿಕ್ ಆಗಿ ಬರುತ್ತವೆ. ಅಲ್ಲೇ ಎಲ್ಲರೂ ಎಡವುವುದು. ಮಟ್ಟದ ಹೆಸರನ್ನು ನಂಬಬೇಡಿ. ಯೂಸರ್ ಸೇವ್ ಆದ ಮೇಲೆ ‘ಪರ್ಮಿಷನ್’ ಗುರುತು ಒತ್ತಿ ಒಳಗೆ ಹೋಗಿ. ಲೋಕಲ್ (ಎನ್‌ವಿಆರ್ ಮುಂದೆ ಕೂತು), ರಿಮೋಟ್ (ನೆಟ್‌ವರ್ಕ್ ಮೂಲಕ), ಕ್ಯಾಮೆರಾ ಅಂತ ಮೂರು ಪುಟ ಕಾಣುತ್ತವೆ. ಮೂರರಲ್ಲೂ ಎಲ್ಲ ಟಿಕ್ ತೆಗೆದು ಖಾಲಿ ಮಾಡಿ, ಬೇಕಾದ್ದನ್ನು ಮಾತ್ರ ಹಾಕುತ್ತಾ ಬನ್ನಿ.

ಗಾರ್ಡ್‌ಗಳ ವಿಷಯಕ್ಕೆ ಬಂದರೆ, ಅವರಿಗೆ ಲಾಗಿನ್ನೇ ಬೇಡ. ಯೂಸರ್ ಮೆನುವಿನಲ್ಲಿ ‘ಲಾಕ್ ಸ್ಕ್ರೀನ್‌ನಲ್ಲಿ ಲೈವ್ ಅನುಮತಿ’ ಅಂತ ಒಂದಿದೆ. ಯಾರೂ ಲಾಗಿನ್ ಆಗಿಲ್ಲದಾಗ ಯಾವ ಕ್ಯಾಮೆರಾಗಳು ಪರದೆ ಮೇಲೆ ಓಡಬೇಕು ಅಂತ ಅಲ್ಲಿ ಗುರುತಿಸಬಹುದು. ಗೇಟ್, ಬೇಸ್‌ಮೆಂಟ್ ದಾರಿ, ಕಾಂಪೌಂಡ್, ಲಿಫ್ಟ್ ಲಾಬಿ ಬಿಡಿ. ಕಚೇರಿ, ಜಿಮ್ ಬಾಗಿಲು, ಆಟದ ಜಾಗ ತೆಗೆಯಿರಿ. ಮೆನು ತಾನಾಗಿ ಲಾಕ್ ಆಗುವ ಸಮಯವನ್ನು 5 ನಿಮಿಷ ಅಥವಾ ಅದಕ್ಕೂ ಕಮ್ಮಿ ಇಡಿ. ‘ನೆವರ್’ ಅಂತ ಇದ್ದರೆ ಮ್ಯಾನೇಜರ್ ಒಮ್ಮೆ ಲಾಗಿನ್ ಆಗಿ ಊಟಕ್ಕೆ ಹೋದರೆ ರಾತ್ರಿ ಪಾಳಿಯವರ ತನಕ ಬಾಗಿಲು ತೆರೆದೇ ಇರುತ್ತದೆ.

ಮ್ಯಾನೇಜರ್‌ಗೆ ಆಪರೇಟರ್ ಮಟ್ಟದ ಖಾತೆ ಮಾಡಿ. ಕ್ಯಾಮೆರಾ ಪುಟದಲ್ಲಿ ‘ಲೋಕಲ್ ಲೈವ್’ ಮತ್ತು ‘ಲೋಕಲ್ ಪ್ಲೇಬ್ಯಾಕ್’ ಹಾಕಿ, ‘ಲೋಕಲ್ ವಿಡಿಯೊ ಎಕ್ಸ್‌ಪೋರ್ಟ್’ ತೆಗೆಯಿರಿ. ಈಗ ಎಲ್ಲರೂ ಮರೆಯುವ ಮಾತು: ‘ರಿಮೋಟ್ ಪ್ಲೇಬ್ಯಾಕ್’ ಕೊಟ್ಟರೆ ಡೌನ್‌ಲೋಡೂ ಅದರೊಳಗೇ ಬರುತ್ತದೆ. ಎಕ್ಸ್‌ಪೋರ್ಟ್‌ಗೆ ಬೇರೆ ಟಿಕ್ ಇರುವುದು ಲೋಕಲ್ ಸಾಲಿನಲ್ಲಿ ಮಾತ್ರ. ಮ್ಯಾನೇಜರ್ ತನ್ನ ಕಂಪ್ಯೂಟರ್‌ನಿಂದ ನೋಡುತ್ತೇನೆ ಅಂದರೆ ಬ್ರೌಸರ್‌ನಲ್ಲಿ ಕತ್ತರಿಸಿ ಉಳಿಸಿಕೊಳ್ಳಲೂ ದಾರಿ ಕೊಟ್ಟ ಹಾಗೆ. ‘ನೋಡಬಹುದು, ತೆಗೆಯಬಾರದು’ ಅನ್ನುವುದು ಬೇಕಿದ್ದರೆ ಎನ್‌ವಿಆರ್ ಇರುವ ಕೋಣೆಯಲ್ಲಿ, ಮಾನಿಟರ್ ಮುಂದೆ ಕೂತೇ ನೋಡಬೇಕು.

ಲೋಕಲ್ ಪುಟದಲ್ಲಿ ‘ಲಾಗ್ ಹುಡುಕಾಟ’, ‘ಕ್ಯಾಮೆರಾ ನಿರ್ವಹಣೆ’, ‘ಅಡ್ವಾನ್ಸ್ಡ್ ಆಪರೇಷನ್’, ‘ಶಟ್‌ಡೌನ್/ರೀಬೂಟ್’ ಮ್ಯಾನೇಜರ್‌ಗೆ ಬೇಡವೇ ಬೇಡ. ಅಡ್ವಾನ್ಸ್ಡ್ ಆಪರೇಷನ್ ಅನ್ನುವುದರೊಳಗೆ ಡಿಸ್ಕ್ ಫಾರ್ಮ್ಯಾಟ್, ಫರ್ಮ್‌ವೇರ್, ಕಾನ್ಫಿಗರೇಷನ್ ಫೈಲ್ ಎಲ್ಲ ಅಡಗಿವೆ.

ಪದಾಧಿಕಾರಿಗಳಿಬ್ಬರಿಗೆ ಪ್ಲೇಬ್ಯಾಕ್ ಜೊತೆ ಎಕ್ಸ್‌ಪೋರ್ಟ್. ನಿಮ್ಮ ಫರ್ಮ್‌ವೇರ್‌ನಲ್ಲಿ ‘ಡಬಲ್ ವೆರಿಫಿಕೇಷನ್’ ಇದ್ದರೆ ಆನ್ ಮಾಡಿ. ಒಬ್ಬರು ಎಕ್ಸ್‌ಪೋರ್ಟ್ ಒತ್ತಿದರೆ ಇನ್ನೊಬ್ಬರ ಪಾಸ್‌ವರ್ಡ್ ಕೇಳುತ್ತದೆ. ಅಡ್ಮಿನ್ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಸಂಘದ ಲಾಕರ್‌ನಲ್ಲಿಡಿ. ದಿನದ ಕೆಲಸಕ್ಕೆ ಅದು ಯಾರಿಗೂ ಬೇಕಾಗಿಲ್ಲ.

ಕುಡ್ಲ_ವಿಎಂಎಸ್

ಗಾರ್ಡ್‌ಗಳಿಗೆ ಪ್ಲೇಬ್ಯಾಕ್ ಪೂರ್ತಿ ನಿಲ್ಲಿಸುವುದಕ್ಕೆ ನನ್ನ ಸಹಮತ ಇಲ್ಲ ಮಾರಾಯ್ರೆ. ರಾತ್ರಿ ಎರಡು ಗಂಟೆಗೆ ಕಾಂಪೌಂಡ್ ಹತ್ತಿರ ಏನೋ ಸದ್ದು ಆಯ್ತು ಅಂದ್ರೆ ಐದು ನಿಮಿಷ ಹಿಂದೆ ಹೋಗಿ ನೋಡ್ಲಿಕ್ಕೆ ಅವನಿಗೆ ಆಗಬೇಕು. ಇಲ್ಲದಿದ್ರೆ ಮ್ಯಾನೇಜರ್‌ಗೆ ಫೋನ್ ಮಾಡ್ತಾನೆ, ಮ್ಯಾನೇಜರ್ ಫೋನಲ್ಲೇ ಪಾಸ್‌ವರ್ಡ್ ಹೇಳ್ತಾನೆ. ನೀವು ಕಟ್ಟಿದ ವ್ಯವಸ್ಥೆ ಅಲ್ಲಿಗೆ ಮುಗೀತು.

ಎನ್‌ವಿಆರ್‌ನಲ್ಲಿ ‘ಇಷ್ಟು ನಿಮಿಷ ಹಿಂದಿನದು ಮಾತ್ರ’ ಅಂತ ಮಿತಿ ಹಾಕ್ಲಿಕ್ಕೆ ಬರುವುದಿಲ್ಲ, ಅದು ನಿಜ. ಪೂರ್ಣ ವಿಎಂಎಸ್‌ನಲ್ಲಿ (ಸರ್ವರ್ ಮೇಲೆ ಓಡುವ ವಿಡಿಯೊ ನಿರ್ವಹಣೆ ಸಾಫ್ಟ್‌ವೇರ್) ಆಗ್ತದೆ. ಮೈಲ್‌ಸ್ಟೋನ್ ಎಕ್ಸ್‌ಪ್ರೊಟೆಕ್ಟ್‌ನಲ್ಲಿ ರೋಲ್ ತೆರೆದು ಡಿವೈಸ್ ಟ್ಯಾಬ್‌ಗೆ ಹೋದ್ರೆ ಕ್ಯಾಮೆರಾ ಕ್ಯಾಮೆರಾಗೂ ‘ಲೈವ್’, ‘ಪ್ಲೇಬ್ಯಾಕ್’, ‘ಎಕ್ಸ್‌ಪೋರ್ಟ್’ ಬೇರೆ ಬೇರೆ ಉಂಟು. ಪ್ಲೇಬ್ಯಾಕ್ ಕೆಳಗೆ ಅವಧಿ ಮಿತಿ ಉಂಟು, ಟೈಮ್ ಪ್ರೊಫೈಲ್ ಉಂಟು. ಗಾರ್ಡ್‌ಗೆ ಒಂದು ಗಂಟೆ ಮಿತಿ ಕೊಟ್ಟು ಎಕ್ಸ್‌ಪೋರ್ಟ್ ತೆಗೆದ್ರೆ ಸಾಕು.

ಅಲ್ಲಿಯೂ ಮೂರು ಕಡೆ ಜಾಗ್ರತೆ ಬೇಕು. ಅಡ್ಮಿನಿಸ್ಟ್ರೇಟರ್ಸ್ ರೋಲ್‌ನಲ್ಲಿ ಇರುವವರಿಗೆ ಉಳಿದ ಯಾವ ನಿರ್ಬಂಧವೂ ತಾಗುವುದಿಲ್ಲ. ಆ ಸರ್ವರ್‌ನ ವಿಂಡೋಸ್ ಅಡ್ಮಿನ್ ಗುಂಪು ಅದರೊಳಗೆ ಸೇರಿದ್ರೆ ಕಂಪ್ಯೂಟರ್ ರಿಪೇರಿ ಮಾಡುವವನಿಗೂ ಎಲ್ಲ ಕ್ಯಾಮೆರಾ ಸಿಗ್ತದೆ. ಎರಡನೆಯದು, ಒಬ್ಬ ಎರಡು ರೋಲ್‌ನಲ್ಲಿ ಇದ್ರೆ ಎರಡರ ಅನುಮತಿಯೂ ಕೂಡಿ ಬರ್ತದೆ. ‘ಪಾಳಿ ಮುಖ್ಯಸ್ಥ’ನನ್ನು ‘ಗಾರ್ಡ್’ ರೋಲ್‌ಗೆ ಇಳಿಸಿ, ಹಳೆಯ ರೋಲ್‌ನಿಂದ ತೆಗೆಯಲಿಕ್ಕೆ ಮರೆತ್ರೆ ಏನೂ ಬದಲಾಗಿರುವುದಿಲ್ಲ. ಮ್ಯಾನೇಜ್‌ಮೆಂಟ್ ಕ್ಲೈಂಟ್‌ನ ಟೂಲ್ಸ್ ಮೆನುವಿನಲ್ಲಿ ‘ಎಫೆಕ್ಟಿವ್ ರೋಲ್ಸ್’ ಉಂಟು, ಹೆಸರು ಹಾಕಿದ್ರೆ ಆತ ಯಾವ ಯಾವ ರೋಲ್‌ನಲ್ಲಿದ್ದಾನೆ ಅಂತ ತೋರಿಸ್ತದೆ. ಮೂರನೆಯದು, ವ್ಯೂನಿಂದ ಕ್ಯಾಮೆರಾ ತೆಗೆಯುವುದೂ ಅನುಮತಿ ತೆಗೆಯುವುದೂ ಒಂದೇ ಅಲ್ಲ. ಪರದೆಯಲ್ಲಿ ಕಾಣದಿದ್ರೂ ಹುಡುಕಾಟದಲ್ಲಿ ಹೆಸರು ಬರೆದ್ರೆ ಸಿಗ್ತದೆ.

ಯಾರದ್ದಾದ್ರೂ ಸಿಪಿ ಪ್ಲಸ್ ಅಥವಾ ಡಹುವಾ ರೆಕಾರ್ಡರ್ ಆಗಿದ್ರೆ ಕ್ರಮ ಬೇರೆ. ಅಲ್ಲಿ ಮೊದಲು ಗುಂಪು ಮಾಡ್ಬೇಕು, ನಂತರ ಯೂಸರ್. ಗುಂಪಿಗೆ ಇಲ್ಲದ ಅನುಮತಿ ಯೂಸರ್‌ಗೆ ಕೊಡ್ಲಿಕ್ಕೆ ಆಗುವುದಿಲ್ಲ.

ರ್ಯಾಕ್_ಕೀಲಿ

ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಇವರ ಹತ್ತಿರ ಇರುವುದು ಎನ್‌ವಿಆರ್. ಹಾಗಾದರೆ ಪಾಳಿ ಮುಖ್ಯಸ್ಥರಿಗೆ ಮಾತ್ರ ಒಂದೊಂದು ಖಾತೆ ಮಾಡೋಣ, ಕಾಂಪೌಂಡ್ ಮತ್ತು ಗೇಟಿನ ಚಾನೆಲ್‌ಗಳಿಗೆ ಮಾತ್ರ ಲೋಕಲ್ ಪ್ಲೇಬ್ಯಾಕ್ ಕೊಡೋಣ. ‘ಸೆಕ್ಯುರಿಟಿ’ ಅಂತ ಮೂವರಿಗೂ ಸೇರಿ ಒಂದು ಖಾತೆ ಬೇಡ. ಹೆಸರಿನ ಖಾತೆ ಇಲ್ಲದಿದ್ದರೆ ಈಗಿರುವ ‘ಅಡ್ಮಿನ್’ ಲಾಗ್‌ನ ಕಥೆಯೇ ಪುನಃ. ಏಜೆನ್ಸಿ ಗಾರ್ಡ್‌ಗಳು ಬದಲಾಗುತ್ತಲೇ ಇರುತ್ತಾರೆ ಅನ್ನುವುದು ಗೊತ್ತು. ಬಿಟ್ಟು ಹೋದವನ ಖಾತೆ ಅಳಿಸುವುದನ್ನು ಗೇಟಿನ ಕೀ ವಾಪಸ್ ತೆಗೆದುಕೊಳ್ಳುವ ದಿನವೇ ಮಾಡಿ.

ಮೊಬೈಲ್‌ನಲ್ಲಿ ಮಾನಿಟರ್ ಪರದೆಯನ್ನೇ ಚಿತ್ರೀಕರಿಸುವುದನ್ನು ಯಾವ ಟಿಕ್ಕೂ ತಡೆಯುವುದಿಲ್ಲ. ಅದಕ್ಕೇ ಸೂಕ್ಷ್ಮ ಜಾಗದ ಕ್ಯಾಮೆರಾಗಳನ್ನು ಗೇಟಿನ ಪರದೆಗೆ ತರಲೇಬೇಡಿ ಅಂದದ್ದು. ರ್ಯಾಕ್‌ಗೆ ಬೀಗ ಹಾಕಿ, ಮುಂದಿನ ಯುಎಸ್‌ಬಿ ಪೋರ್ಟ್ ಹೊರಗೆ ಸಿಗದ ಹಾಗೆ. ಗೇಟ್ ಕ್ಯಾಬಿನ್‌ಗೆ ಎಚ್‌ಡಿಎಂಐ ಎಕ್ಸ್‌ಟೆಂಡರ್ ಸಾಕು. ಎನ್‌ವಿಆರ್ ಅನ್ನೇ ಗೇಟಿನ ಮೇಜಿನ ಮೇಲೆ ಇಟ್ಟಿರುವ ಅಪಾರ್ಟ್‌ಮೆಂಟ್‌ಗಳು ಎಷ್ಟಿವೆಯೋ!

ಸಾಕ್ಷ್ಯ_63

ಎಕ್ಸ್‌ಪೋರ್ಟ್ ಯಾರು ಮಾಡುತ್ತಾರೆ ಅನ್ನುವುದಕ್ಕೆ ಕಾನೂನಿನ ಮುಖವೂ ಇದೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಿದ್ದ ಹಳೆಯ 65ಬಿ ಪ್ರಮಾಣಪತ್ರದ ಜಾಗಕ್ಕೆ ಈಗ ಕಲಂ 63 ಬಂದಿದೆ. ಪ್ರಮಾಣಪತ್ರದ ನಮೂನೆಯಲ್ಲಿ ಎರಡು ಭಾಗ. ‘ಎ’ ಭಾಗವನ್ನು ಸಾಧನದ ಹೊಣೆ ಹೊತ್ತವರ ಕಡೆಯಿಂದ, ‘ಬಿ’ ಭಾಗವನ್ನು ತಜ್ಞರಿಂದ ತುಂಬಿಸಬೇಕು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಸ್ವಲ್ಪ ಬದಲಾದರೂ ಬದಲಾಗುವ ಗುರುತು ಸಂಖ್ಯೆ) ಬರೆಯಬೇಕು. ಹತ್ತು ಜನ ಒಂದೇ ಲಾಗಿನ್ ಬಳಸುವ ಸಾಧನಕ್ಕೆ ‘ಇದು ನನ್ನ ನಿಯಂತ್ರಣದಲ್ಲಿತ್ತು’ ಅಂತ ಸಹಿ ಹಾಕುವವರಿಗೆ ಪಾಟೀಸವಾಲಿನಲ್ಲಿ ಕಷ್ಟವಾಗುತ್ತದೆ.

ಕ್ರಮ ಹೀಗಿರಲಿ. ಪೊಲೀಸರು ಕೇಳಿದರೆ ಲಿಖಿತ ಕೋರಿಕೆ ಪಡೆಯಿರಿ (ದಾಖಲೆ ಹಾಜರುಪಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94 ಇದೆ). ಘಟನೆಗೆ ಮುಂಚಿನ ಮತ್ತು ನಂತರದ 15 ನಿಮಿಷವನ್ನೂ ಸೇರಿಸಿ, ಪ್ಲೇಯರ್ ಸಮೇತ ಮೂಲ ಸ್ವರೂಪದಲ್ಲೇ ಎಕ್ಸ್‌ಪೋರ್ಟ್ ಮಾಡಿ. ಹೊಸ ಪೆನ್‌ಡ್ರೈವ್ ಬಳಸಿ. ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡ್‌ನಿಂದ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ರಿಜಿಸ್ಟರ್‌ನಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಅದೇ ದಿನದ ಆಪರೇಷನ್ ಲಾಗನ್ನೂ ತೆಗೆದಿಡಿ. ಕ್ಲಿಪ್ಪನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಮತ್ತೆ ಸಂಕುಚಿತಗೊಳ್ಳುತ್ತದೆ, ಹ್ಯಾಶ್ ಹೊಂದುವುದಿಲ್ಲ.

ಸಮಯ ಸರಿಯಿದೆಯಾ ನೋಡಿ. ಚಿತ್ರದ ಮೂಲೆಯ ಗಡಿಯಾರವನ್ನು ಬರೆಯುವುದು ಕ್ಯಾಮೆರಾ, ಕಾಲರೇಖೆಯಲ್ಲಿ ಫೈಲ್ ಜೋಡಿಸುವುದು ಎನ್‌ವಿಆರ್. ಎರಡರ ಗಡಿಯಾರವೂ ಬೇರೆಯಾದರೆ ಒಂದೇ ಘಟನೆಗೆ ಎರಡು ಸಮಯ ಸಿಗುತ್ತದೆ. ಚೀನಾದಲ್ಲಿ ತಯಾರಾದ ಹಲವು ಕ್ಯಾಮೆರಾಗಳು +8:00 ವಲಯದಲ್ಲೇ ಬರುತ್ತವೆ, ಅಂದರೆ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ.

ಹುಬ್ಬಳ್ಳಿ_ಫೈಬರ್

ಗಡಿಯಾರಕ್ಕ ಸರಳ ಉಪಾಯ ಐತ್ರಿ. ಎನ್‌ವಿಆರ್ ಇಂಟರ್ನೆಟ್ ಕಡೆಯಿಂದ ಎನ್‌ಟಿಪಿ (ನೆಟ್‌ವರ್ಕ್ ಮ್ಯಾಲೆ ಬರೂ ಸರಿ ಸಮಯ) ತಗೊಳ್ಳಲಿ. ಸರ್ಕಾರದ ಎನ್‌ಪಿಎಲ್ ಮತ್ತ ಎನ್‌ಐಸಿ ಸರ್ವರ್‌ಗಳು ಅದಾವ, ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಾಗೂ ಅವನ್ನs ಹೇಳ್ಯಾರ. ಕ್ಯಾಮೆರಾಗಳಿಗೆ ಎನ್‌ವಿಆರ್ ಐಪೀನs ಎನ್‌ಟಿಪಿ ಅಂತ ಕೊಡ್ರಿ. ವಲಯ +5:30, ಡೇಲೈಟ್ ಸೇವಿಂಗ್ ಆಫ್.

ಈಗ 30 ದಿನದ ಲೆಕ್ಕಕ್ಕ ಬರೂಣು. 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಅಂದ್ರ ದಿನಕ್ಕ 10.8 ಜಿಬಿ. ಇದೊಂದು ನೆನಪಿಟ್ರ ಕ್ಯಾಲ್ಕುಲೇಟರ್ ಆ್ಯಪ್ ಬ್ಯಾಡ. ನಿಮಗ 13 ದಿನ ಬರಾಕತ್ತೈತಿ ಅಂದ್ರ ಒಂದೊಂದು ಕ್ಯಾಮೆರಾ 6 ಎಂಬಿಪಿಎಸ್ ಸುತ್ತಮುತ್ತ ಕುಡೀತಾವು, ಬಹುಶಃ ಎಚ್.264 ಅನ್ನೂ ಹಳೇ ವಿಡಿಯೊ ಸಂಕೋಚನದಾಗs ಬಿಟ್ಟಾರ. 6 ಎಂಬಿಪಿಎಸ್ ಹಿಡಿದ್ರ 38 ಕ್ಯಾಮೆರಾಕ್ಕ ದಿನಕ್ಕ 2,462 ಜಿಬಿ, 32 ಟಿಬಿಗೆ 13 ದಿನ. ಲೆಕ್ಕ ಕೂಡ್ತು ನೋಡ್ರಿ.

ಎಲ್ಲಾನೂ ಎಚ್.265 ಮಾಡ್ರಿ. ಗೇಟ್, ಲಿಫ್ಟ್, ಬೇಸ್‌ಮೆಂಟ್ ದಾರಿ ಹಿಡದು ಮುಖ್ಯವಾದ 10ಕ್ಕ 4 ಎಂಬಿಪಿಎಸ್, ಸೆಕೆಂಡಿಗೆ 20 ಫ್ರೇಮ್. ಉಳಿದ 28ಕ್ಕ 1.5 ಎಂಬಿಪಿಎಸ್, 12 ಫ್ರೇಮ್. 432 ಮತ್ತ 453.6 ಕೂಡಿ ದಿನಕ್ಕ 885.6 ಜಿಬಿ. 32 ಟಿಬಿಗೆ 36 ದಿನ ಆತು. ವೇರಿಯಬಲ್ ಬಿಟ್‌ರೇಟ್ (ದೃಶ್ಯದಾಗಿನ ಚಲನೆ ನೋಡಿ ಏರಿಳಿಯೂದು) ಇಡ್ರಿ, ಖಾಲಿ ಕಾರಿಡಾರ್‌ನಾಗ ಇನ್ನೂ ಕಮ್ಮಿ ಆಗತೈತಿ. ರಾತ್ರಿ ಮಾತ್ರ ಉಲ್ಟಾ: ಕತ್ತಲಾಗ ಚಿತ್ರದಾಗ ಕಾಳು ಕಾಳು ನಾಯ್ಸ್ ಬಂದು ಬಿಟ್‌ರೇಟ್ ಮಿತಿಗೆ ತಾಗತೈತಿ. ಅದಕ್ಕ ಲೆಕ್ಕಾನ ಮಿತಿ ಹಿಡದs ಮಾಡೂದು.

ರೇಡ್ 5 (ಒಂದು ಡಿಸ್ಕ್ ಕೆಟ್ರೂ ರೆಕಾರ್ಡಿಂಗ್ ಉಳಿಯೂ ಜೋಡಣೆ) ಮಾಡಬೇಕಂದ್ರ ನಾಲ್ಕು ಡಿಸ್ಕಿನಾಗ 24 ಟಿಬಿ ಮಾತ್ರ ಉಳೀತೈತಿ, 27 ದಿನ. ಐದನೇ ಡಿಸ್ಕ್ ಹಾಕಿದ್ರ ಮತ್ತ 32. ರೇಡ್ ಬ್ಯಾಡಂದ್ರ ಡಿಸ್ಕ್ ಗುಂಪು ಮಾಡುವಾಗ ಎಲ್ಲಾ ಗೇಟ್ ಕ್ಯಾಮೆರಾಗಳನ್ನ ಒಂದs ಡಿಸ್ಕಿಗೆ ಕಟ್ಟಬ್ಯಾಡ್ರಿ. ಆ ಡಿಸ್ಕ್ ಹೋತಂದ್ರ ಗೇಟು ಪೂರಾ ಕುರುಡ.

ಕುಡ್ಲ_ವಿಎಂಎಸ್

ಎಚ್.265 ಸರಿ, ಆದ್ರೆ ಪಕ್ಕದಲ್ಲೇ ಇರುವ ‘ಎಚ್.265+’ ಗೇಟ್ ಕ್ಯಾಮೆರಾಗಳಲ್ಲಿ ಹಾಕ್ಬೇಡಿ. ಅದು ದೃಶ್ಯ ನಿಂತಾಗ ಐ-ಫ್ರೇಮ್ (ಪೂರ್ಣ ಚಿತ್ರ ಇರುವ ಫ್ರೇಮ್) ಅಂತರವನ್ನು ಉದ್ದ ಮಾಡ್ತದೆ. ಪ್ಲೇಬ್ಯಾಕ್‌ನಲ್ಲಿ ಸರಿಯಾದ ಕ್ಷಣಕ್ಕೆ ಹಾರುವಾಗ ತಡವರಿಸ್ತದೆ, ಬೇರೆ ಕಂಪನಿಯ ವಿಎಂಎಸ್‌ಗೆ ಜೋಡಿಸಿದ್ರೆ ಇನ್ನೂ ಹೆಚ್ಚು. ಐ-ಫ್ರೇಮ್ ಅಂತರ ಎರಡು ಸೆಕೆಂಡಿನಷ್ಟು ಸಾಕು: 20 ಫ್ರೇಮ್‌ಗೆ 40, 12ಕ್ಕೆ 24.

ಸಬ್‌ಸ್ಟ್ರೀಮ್ ಮರೀಬೇಡಿ. 640×360, 10 ಫ್ರೇಮ್, 384 ಅಥವಾ 512 ಕೆಬಿಪಿಎಸ್. 16 ಚೌಕದ ಲೈವ್ ಪರದೆಗೂ ಮೊಬೈಲ್‌ಗೂ ಅದೇ ಹೋಗುವುದು. ಯಾರೋ ಚಂದ ಕಾಣ್ಲಿ ಅಂತ ಸಬ್‌ಸ್ಟ್ರೀಮನ್ನೂ ದೊಡ್ಡದು ಮಾಡಿದ್ರೆ ‘ರಿಸೋರ್ಸ್ ಸಾಲದು’ ಅಂತ ಅರ್ಧ ಚೌಕ ಕಪ್ಪಾಗ್ತದೆ.

ಆಡಿಯೊ ಬಗ್ಗೆ ಯಾರೂ ಹೇಳಿಲ್ಲ. ಮೈಕ್ ಇರುವ ಕ್ಯಾಮೆರಾ ಆದ್ರೆ ಸ್ಟ್ರೀಮ್ ವಿಧ ‘ವಿಡಿಯೊ ಮತ್ತು ಆಡಿಯೊ’ ಅಂತ ಇರಬಹುದು. ಲಿಫ್ಟಿನಲ್ಲಿ ಜನ ಮಾತಾಡುವುದು 30 ದಿನ ಡಿಸ್ಕಲ್ಲಿ ಕೂರುವ ಅಗತ್ಯ ಇಲ್ಲ. ‘ವಿಡಿಯೊ’ ಮಾತ್ರ ಮಾಡಿ. ಎದುರು ಮನೆ ಕಿಟಕಿ ಅಥವಾ ಬಾಲ್ಕನಿ ಫ್ರೇಮಲ್ಲಿ ಬಂದ್ರೆ ಪ್ರೈವೆಸಿ ಮಾಸ್ಕನ್ನು ಕ್ಯಾಮೆರಾದಲ್ಲೇ ಹಾಕಿ. ಅಲ್ಲಿ ಹಾಕಿದ್ದು ರೆಕಾರ್ಡಿಂಗ್‌ನಲ್ಲೂ ಕಪ್ಪಾಗಿಯೇ ಇರ್ತದೆ, ಅಡ್ಮಿನ್‌ಗೂ ತೆಗೆದು ನೋಡ್ಲಿಕ್ಕೆ ಆಗುವುದಿಲ್ಲ.

ತುಮಕೂರು_ಗೇಟ್

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಗೇಟ್ ಕ್ಯಾಮೆರಾದಲ್ಲಿ ರಾತ್ರಿ ನಂಬರ್ ಪ್ಲೇಟ್ ಬರೀ ಬಿಳಿ ಚೌಕ ಆಗಿ ಕಾಣುತ್ತೆ. 4 ಎಂಬಿಪಿಎಸ್‌ನಿಂದ 8ಕ್ಕೆ ಏರಿಸಿದರೂ ಅಷ್ಟೇ.

ರ್ಯಾಕ್_ಕೀಲಿ

ಅದಕ್ಕೆ ಬಿಟ್‌ರೇಟ್ ಮದ್ದಲ್ಲ. ಎಚ್‌ಎಸ್‌ಆರ್‌ಪಿ ಫಲಕ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸುತ್ತದೆ. ಕ್ಯಾಮೆರಾದ ಇನ್‌ಫ್ರಾರೆಡ್ ನೇರ ಅದಕ್ಕೆ ಹೊಡೆದಾಗ ಬಿಳಿಯಾಗಿ ಉರಿದುಹೋಗುತ್ತದೆ. ಜೊತೆಗೆ ರಾತ್ರಿ ಶಟರ್ ತಾನಾಗಿ 1/25 ಸೆಕೆಂಡಿಗೆ ಇಳಿಯುತ್ತದೆ. 20 ಕಿಮೀ ವೇಗದ ಕಾರು ಅಷ್ಟರಲ್ಲಿ 22 ಸೆಂಟಿಮೀಟರ್ ಓಡಿರುತ್ತದೆ. 1/500 ಇಟ್ಟರೆ ಒಂದು ಸೆಂಟಿಮೀಟರ್ ಚಿಲ್ಲರೆ.

ಶಟರ್ 1/500 ಅಥವಾ 1/1000 ಎಂದು ಸ್ಥಿರ ಮಾಡಿ, ಇನ್‌ಫ್ರಾರೆಡ್ ತೀವ್ರತೆಯನ್ನು ಕೈಯಾರೆ ಇಳಿಸಿ. ಫಲಕ ಓದಲು ಬರುತ್ತದೆ, ಸುತ್ತಲಿನ ದೃಶ್ಯ ಕತ್ತಲಾಗುತ್ತದೆ. ಹಾಗಾಗಿ ಫಲಕಕ್ಕೊಂದು, ಮುಖಕ್ಕೊಂದು ಬೇರೆ ಬೇರೆ ಕ್ಯಾಮೆರಾ ಇರಲೇಬೇಕು. ಒಂದರಲ್ಲೇ ಎರಡನ್ನೂ ಮಾಡಿಸುತ್ತೇನೆ ಅನ್ನುವವರ ಮಾತು ಕೇಳಬೇಡಿ. ಫಲಕಕ್ಕೂ ಕ್ಯಾಮೆರಾಗೂ ನಡುವಿನ ಕೋನ 30 ಡಿಗ್ರಿ ಮೀರದಿರಲಿ.

ಮುಖಕ್ಕೆ ಅಳತೆ ಬೇಕಾದರೆ: ಅಪರಿಚಿತನನ್ನು ಗುರುತಿಸಲು ಮೀಟರ್‌ಗೆ 250 ಪಿಕ್ಸೆಲ್ ಅಂತ ಕ್ಯಾಮೆರಾ ವ್ಯವಸ್ಥೆಗಳ ಯುರೋಪಿನ ಮಾನದಂಡ ಇಎನ್ 62676-4ರ 2015ರ ಆವೃತ್ತಿ ಹೇಳುತ್ತದೆ. 2560 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು 10 ಮೀಟರ್ ಅಗಲಕ್ಕೆ ಮುಗಿಯಿತು. 2.8 ಎಂಎಂ ಲೆನ್ಸ್ ಸುಮಾರು 100 ಡಿಗ್ರಿ ನೋಡುತ್ತದೆ, ಅಂದರೆ ನಾಲ್ಕೂಕಾಲು ಮೀಟರ್ ದೂರದವರೆಗೆ ಮಾತ್ರ. ಅದಕ್ಕಿಂತ ಆಚೆ ಮನುಷ್ಯ ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ.

ಯಲಹಂಕ_ಸಂಘ

ಮೊಬೈಲ್ ಆ್ಯಪ್ ವಿಷಯ ಉಳಿಯಿತು. ಸಮಿತಿಯ ಏಳು ಜನರಿಗೂ ಫೋನ್‌ನಲ್ಲಿ ಬೇಕಂತೆ. ಈಗ ಎನ್‌ವಿಆರ್ ಹಿಂದಿನ ಅವಧಿಯ ಕಾರ್ಯದರ್ಶಿಯವರ ಮೊಬೈಲ್ ನಂಬರ್‌ಗೆ ಜೋಡಣೆಯಾಗಿದೆ.

ರ್ಯಾಕ್_ಕೀಲಿ

ಹೈಕ್-ಕನೆಕ್ಟ್‌ನಲ್ಲಿ (ಹೈಕ್‌ವಿಷನ್‌ನ ಮೊಬೈಲ್ ಆ್ಯಪ್) ಒಂದು ಸಾಧನಕ್ಕೆ ಒಬ್ಬರೇ ಒಡೆಯರು. ಉಳಿದವರಿಗೆ ಅವರು ಹಂಚಿಕೊಡಬೇಕು. ಈಗಿನ ಒಡೆಯರು ಆ್ಯಪ್‌ನಿಂದ ಸಾಧನ ಅಳಿಸಲಿ. ಸಂಘದ ಹೆಸರಿನಲ್ಲಿ ಒಂದು ಇಮೇಲ್ ಮಾಡಿ, ಆ ಖಾತೆಗೆ ಸೇರಿಸಿ. ಎನ್‌ವಿಆರ್‌ನ ವೆರಿಫಿಕೇಷನ್ ಕೋಡನ್ನೂ ಬದಲಿಸಿ, ಸ್ಟ್ರೀಮ್ ಎನ್‌ಕ್ರಿಪ್ಷನ್ ಆನ್ ಇರಲಿ. ಆಮೇಲೆ ಸದಸ್ಯರಿಗೆ ಹಂಚುವಾಗ ಚಾನೆಲ್ ಆರಿಸಿ ‘ಲೈವ್’ ಮಾತ್ರ ಟಿಕ್ ಹಾಕಿ. ಪ್ಲೇಬ್ಯಾಕ್ ಕೊಟ್ಟರೆ ಫೋನ್‌ನಲ್ಲೇ ಕ್ಲಿಪ್ ಉಳಿಯುತ್ತದೆ. ಮೇಲೆ ಎನ್‌ವಿಆರ್‌ನಲ್ಲಿ ಮಾಡಿದ ಯೂಸರ್ ಅನುಮತಿಗಳು ಈ ದಾರಿಗೆ ಅನ್ವಯಿಸುವುದಿಲ್ಲ, ಹಂಚಿಕೆಯ ಟಿಕ್‌ಗಳೇ ಲೆಕ್ಕಕ್ಕೆ ಬರುವುದು. ಪಾಸ್‌ವರ್ಡ್ ಮರುಸ್ಥಾಪನೆಯ ಇಮೇಲ್ ಯಾರದ್ದಿದೆ ಅಂತಲೂ ನೋಡಿ. ಕ್ಯಾಮೆರಾ ಹಾಕಿದವರದ್ದೇ ಇದ್ದರೆ ಲಕೋಟೆಯ ಬೀಗಕ್ಕೆ ಅರ್ಥವಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಏಳು ಜನರಿಗೂ ಬೇಡ. ಇಬ್ಬರಿಗೆ ಕೊಡಿ.

ಯಲಹಂಕ_ಸಂಘ

ಒಂದು ಸ್ವಿಚ್‌ನ ಎಂಟು ಕ್ಯಾಮೆರಾಗಳ ಪಾಸ್‌ವರ್ಡನ್ನು ಇವತ್ತು ಕ್ಯಾಮೆರಾದಲ್ಲೇ ಬದಲಿಸಿದೆವು. ಎನ್‌ವಿಆರ್‌ನಲ್ಲಿ ಹೊಸ ಪಾಸ್‌ವರ್ಡ್ ಹಾಕಿದರೂ ಐದು ಮಾತ್ರ ಬಂದವು, ಮೂರು ‘ಪಾಸ್‌ವರ್ಡ್ ತಪ್ಪು’ ಅನ್ನುತ್ತಿವೆ. ಅದೇ ಪಾಸ್‌ವರ್ಡ್ ಲ್ಯಾಪ್‌ಟಾಪ್‌ನಿಂದ ಕೆಲಸ ಮಾಡುತ್ತೆ. ಇನ್ನೊಂದು, ಅದೇ ಸ್ವಿಚ್‌ನಲ್ಲಿ ಸಂಜೆ ಆರೂವರೆ ಹೊತ್ತಿಗೆ ಎರಡು ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತವೆ. ಬೆಳಿಗ್ಗೆ ಸರಿ ಇರುತ್ತವೆ.

ಹುಬ್ಬಳ್ಳಿ_ಫೈಬರ್

ಮೊದಲನೇದು ಲಾಕ್‌ರಿ. ನೀವು ಬದಲಿಸಿ ಎನ್‌ವಿಆರ್ ಕಡೆ ಹೋಗೂದ್ರಾಗ ಅದು ಹಳೇ ಪಾಸ್‌ವರ್ಡ್ ಹಿಡಕೊಂಡು ಕ್ಯಾಮೆರಾ ಬಾಗಲಾ ಬಡೀತಿರತೈತಿ. ಏಳು ಸಲ ತಪ್ಪಿದ್ರ ಕ್ಯಾಮೆರಾ ಎನ್‌ವಿಆರ್ ಐಪೀನs 30 ನಿಮಿಷ ಲಾಕ್ ಮಾಡತೈತಿ. ಲ್ಯಾಪ್‌ಟಾಪ್ ಐಪಿ ಬ್ಯಾರೆ, ಅದಕ್ಕ ಅಲ್ಲಿಂದ ನಡೀತೈತಿ. ಕ್ಯಾಮೆರಾ ರೀಬೂಟ್ ಮಾಡ್ರಿ, ಇಲ್ಲಾ ಅರ್ಧ ತಾಸು ಸುಮ್ನಿರ್ರಿ. ಉಳಿದ ಕ್ಯಾಮೆರಾಗಳಿಗೆ ಮೊದಲ ಎನ್‌ವಿಆರ್‌ನಾಗ ಆ ಚಾನೆಲ್ ತಗದು, ಆಮ್ಯಾಲೆ ಪಾಸ್‌ವರ್ಡ್ ಬದಲಿಸಿ, ಅದs ಚಾನೆಲ್ ನಂಬರಿಗೆ ಮತ್ತ ಸೇರಸ್ರಿ. ನಂಬರ್ ತಪ್ಪಿದ್ರ ಅನುಮತಿನೂ ತಪ್ಪತೈತಿ, ಕೀಲಿ ಸರ್ ಮೊದಲs ಹೇಳ್ಯಾರ. ನಡುವ ಬ್ಯಾರೆ ಕಂಪನಿ ಕ್ಯಾಮೆರಾ ಯಾವ್ದರ ಆನ್‌ವಿಫ್‌ನಾಗ (ಬ್ಯಾರೆ ಬ್ಯಾರೆ ಕಂಪನಿ ಸಾಧನ ಜೋಡಿಸೂ ಸಾಮಾನ್ಯ ಪದ್ಧತಿ) ಸೇರಿದ್ರ, ಅದರ ಆನ್‌ವಿಫ್ ಯೂಸರ್ ಬ್ಯಾರೇನs ಇರಬಹುದು, ಅದನ್ನೂ ಬದಲಿಸ್ರಿ. ಆನ್‌ವಿಫ್ ಲಾಗಿನ್ ಗಡಿಯಾರ ನೋಡತೈತಿ, ಸಮಯ ತಪ್ಪಿದ್ರ ಪಾಸ್‌ವರ್ಡ್ ಸರಿ ಇದ್ರೂ ಒಳಗ ಬಿಡಂಗಿಲ್ಲ.

ಎರಡನೇದು ಪಿಒಇ ಬಜೆಟ್. ಕತ್ತಲಾದಾಗ ಇನ್‌ಫ್ರಾರೆಡ್ ಹತ್ತಿ ಕ್ಯಾಮೆರಾ ಎಳಿಯೂ ಕರೆಂಟ್ ಏರತೈತಿ. ಒಂದು ಪೋರ್ಟಿಗೆ 15.4 ವ್ಯಾಟ್ ಕೊಡ್ತೀನಿ ಅಂತ ಸ್ವಿಚ್ ಮ್ಯಾಲೆ ಬರದಿದ್ರೂ ಎಂಟು ಪೋರ್ಟಿಗೂ ಕೂಡಿ 60 ವ್ಯಾಟ್ ಅಷ್ಟs ಇರೂ ಸ್ವಿಚ್ ಭಾಳ ಅದಾವು. ಬುಲೆಟ್ ಕ್ಯಾಮೆರಾ ರಾತ್ರಿ 10 ವ್ಯಾಟ್ ಎಳದ್ರ ಎಂಟಕ್ಕ 80 ಆತು. ಸ್ವಿಚ್ ಕೊನೇ ಪೋರ್ಟ್‌ಗಳನ್ನ ಕೈ ಬಿಡತೈತಿ. ತಳದಾಗ ಬರದ ಒಟ್ಟು ವ್ಯಾಟ್ ನೋಡಿ 120ರ ಸ್ವಿಚ್ ಹಾಕ್ರಿ. ಅದs ಎರಡು ಕ್ಯಾಮೆರಾ ಬ್ಯಾರೆ ಪೋರ್ಟಿಗೆ ಹಾಕಿದ್ರೂ ಹಂಗs ಆದ್ರ ಕೇಬಲ್ ನೋಡ್ರಿ. ತಾಮ್ರದ ಲೇಪ ಇರೂ ಅಲ್ಯೂಮಿನಿಯಂ ತಂತಿ ಇದ್ರ, 60–70 ಮೀಟರ್ ದಾಟಿದ ಮ್ಯಾಲೆ ಕ್ಯಾಮೆರಾ ಮುಟ್ಟೂದ್ರಾಗ ವೋಲ್ಟೇಜ್ ಇಳಿದಿರತೈತಿ. ತುದಿ ಕತ್ತರಿಸಿ ಬ್ಲೇಡಿಲೆ ಕೆರೀರಿ, ಒಳಗ ಬೆಳ್ಳಗ ಕಂಡ್ರ ಆ ಕೇಬಲ್ ಬದಲೀನs ಮಾಡಬೇಕು.